ಪೆಟ್ಟಿಗೆಯ ಬಾಯಿ ನೋಡಿ ಕೊಳ್ಳಿ: ಗೇಮ್ ಕನ್ಸೋಲ್ ಪೈಪೋಟಿಯ ಐವತ್ತು ವರ್ಷ

2020ರ ನವೆಂಬರಿನಲ್ಲಿ ಎರಡು ಹೊಸ ಗೇಮ್ ಕನ್ಸೋಲುಗಳು ಒಂದೇ ವಾರದಲ್ಲಿ ಜಗತ್ತಿನ ಮಾರುಕಟ್ಟೆಗೆ ಬಂದವು. ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ ಆಗ ಒಂದೇ ಲೆಕ್ಕ: ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೆ 12 ಟೆರಾಫ್ಲಾಪ್ (ಚಿಪ್ಪು ಲೆಕ್ಕ ಮಾಡುವ ವೇಗದ ಅಳತೆ), ಸೋನಿಯ ಪ್ಲೇಸ್ಟೇಷನ್ 5ಕ್ಕೆ 10.28. ಹೆಚ್ಚು ಅಂಕ ಬಂದವನೇ ಫಸ್ಟ್ ಕ್ಲಾಸ್ ಎಂಬ ಧಾಟಿ. ಮಾರಾಟದಲ್ಲಿ ಮುಂದೆ ಹೋದದ್ದು ಮಾತ್ರ ಕಡಿಮೆ ಅಂಕದ್ದು. ಆದರೂ ಮಕ್ಕಳಿಗೆ ಕನ್ಸೋಲ್ ಕೊಡಿಸಲು ಬರುವ ತಂದೆತಾಯಿಯರ ಮೊದಲ ಪ್ರಶ್ನೆ ಇವತ್ತಿಗೂ ಬದಲಾಗಿಲ್ಲ: 'ಯಾವುದು ಜಾಸ್ತಿ ಪವರ್‌ಫುಲ್ ಸಾರ್?'

ಈ ಪೆಟ್ಟಿಗೆಗಳನ್ನು ಮಾರುತ್ತ, ಬಿಚ್ಚುತ್ತ, ಅವುಗಳ ಬಗ್ಗೆ ಬರೆಯುತ್ತ ಬಂದವನು ನಾನು. ಹೆಚ್ಚು ಶಕ್ತಿಯ ಯಂತ್ರವೇ ಗೆದ್ದ ಉದಾಹರಣೆ ಹುಡುಕಬೇಕು, ಸೋತದ್ದಕ್ಕೆ ಹುಡುಕಬೇಕಿಲ್ಲ. 1989ರ ಗೇಮ್ ಬಾಯ್‌ನ ಪರದೆಗೆ ಬಣ್ಣವೇ ಇರಲಿಲ್ಲ. ಅದು ಬಣ್ಣದ ಪರದೆಯ ಅಟಾರಿ ಲಿಂಕ್ಸ್‌ ಮತ್ತು ಸೆಗಾ ಗೇಮ್ ಗೇರ್‌ಗಳೆರಡನ್ನೂ ಮಣಿಸಿತು. ಕನ್ಸೋಲುಗಳ ಚರಿತ್ರೆಯನ್ನು ಒಳಗಿನ ಚಿಪ್ಪಿನಿಂದ ಓದುವುದಕ್ಕಿಂತ ಹೊರಗಿನ ಬಾಯಿಯಿಂದ ಓದುವುದು ಮೇಲು. ಆ ಬಾಯೊಳಗೆ ಏನು ತುರುಕುತ್ತೇವೆ, ಅದಕ್ಕೆ ಎಷ್ಟು ಕೊಡುತ್ತೇವೆ, ಆಡಿ ಮುಗಿಸಿದ ಮೇಲೆ ಅದನ್ನು ಇನ್ನೊಬ್ಬರಿಗೆ ಕೊಡಬಹುದೇ ಎಂಬುದರಲ್ಲಿ ಅರ್ಧಕ್ಕಿಂತ ಹೆಚ್ಚು ಕಥೆ ಇದೆ.

ಮೊದಲ ಹಂತವನ್ನು ಬೇಗ ದಾಟಿಬಿಡೋಣ. ರಾಲ್ಫ್ ಬೇರ್ ಕಲ್ಪನೆಯ ಮ್ಯಾಗ್ನಾವಾಕ್ಸ್ ಒಡಿಸ್ಸಿ ಬಂದದ್ದು 1972ರಲ್ಲಿ. 1976ರಲ್ಲಿ ಜೆರ್ರಿ ಲಾಸನ್ ಮುಂದಾಳತ್ವದ ಫೇರ್‌ಚೈಲ್ಡ್ ಚಾನೆಲ್ ಎಫ್ ಆಟವನ್ನು ಯಂತ್ರದಿಂದ ಬೇರ್ಪಡಿಸಿ, ಹಾಕಿ ತೆಗೆಯುವ ಕ್ಯಾಸೆಟ್ಟಿನಲ್ಲಿಟ್ಟಿತು. ಲಾಭ ಮಾಡಿಕೊಂಡದ್ದು ಮರುವರ್ಷದ ಅಟಾರಿ. ಯಾರು ಬೇಕಾದರೂ ಅಟಾರಿಗೆ ಆಟ ಮಾಡಬಹುದಾಗಿದ್ದರಿಂದ ಕಳಪೆ ಸರಕು ತುಂಬಿ, 1983ರಲ್ಲಿ ಅಮೆರಿಕದ ಮಾರುಕಟ್ಟೆ ಕುಸಿಯಿತು. ಅದೇ ವರ್ಷ ಜಪಾನಿನಲ್ಲಿ ಫ್ಯಾಮಿಕಾಮ್ ಬಿಟ್ಟಿದ್ದ ನಿಂಟೆಂಡೊ ಪಾಠ ಕಲಿಯಿತು. ಅಗತ್ಯಕ್ಕಿಂತ ಹೆಚ್ಚೇ ಕಲಿಯಿತು ಎನ್ನಬೇಕು. 1985ರಲ್ಲಿ ಅಮೆರಿಕಕ್ಕೆ ಹೋದ ಅದರ ಯಂತ್ರದಲ್ಲಿ ಬೀಗದಂಥ ಒಂದು ಚಿಪ್ ಇತ್ತು. ನಿಂಟೆಂಡೊ ಒಪ್ಪದ ಕ್ಯಾಸೆಟ್ ಅದರಲ್ಲಿ ಓಡುತ್ತಿರಲಿಲ್ಲ. ಒಂದು ಕಂಪನಿಗೆ ವರ್ಷಕ್ಕೆ ಐದು ಆಟಗಳ ಮಿತಿ. ಕ್ಯಾಸೆಟ್ಟನ್ನು ನಿಂಟೆಂಡೊದಿಂದಲೇ ಮಾಡಿಸಿಕೊಳ್ಳಬೇಕು, ಹಣ ಮುಂಗಡ. ಯಂತ್ರದಲ್ಲಿ ಹೆಚ್ಚು ಲಾಭ ನೋಡದೆ ಆಟದಲ್ಲಿ ದುಡಿಯುವ ಇವತ್ತಿನ ವ್ಯಾಪಾರದ ಬೇರು ಅಲ್ಲಿದೆ.

ಆ ಬೀಗ ನಮ್ಮೂರಿಗೆ ಬರಲೇ ಇಲ್ಲ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಮನೆಗಳಿಗೆ ಬಂದ 'ಟೀವಿ ಗೇಮ್' ಬಹುಪಾಲು ಫ್ಯಾಮಿಕಾಮ್‌ನ ನಕಲು. ಲಿಟಲ್ ಮಾಸ್ಟರ್, ಮೀಡಿಯಾ ಮುಂತಾದ ಹೆಸರಿನ ಪೆಟ್ಟಿಗೆ, ಜೊತೆಗೊಂದು ಪ್ಲಾಸ್ಟಿಕ್ ಪಿಸ್ತೂಲು, ಸಾವಿರಗಟ್ಟಲೆ ಆಟವಿದೆ ಎಂದು ಬರೆದುಕೊಂಡ ಕ್ಯಾಸೆಟ್. ಎಣಿಸಿದರೆ ಕೆಲವೇ ಆಟ ಬೇರೆಬೇರೆ ಹೆಸರಿನಲ್ಲಿ ಮತ್ತೆಮತ್ತೆ ಬರುತ್ತಿದ್ದವು. ಬೇಸಿಗೆ ರಜೆಯಲ್ಲಿ ಗಂಟೆಗಿಷ್ಟು ಎಂದು ಬಾಡಿಗೆಗೆ ಆಡಿಸುವ ಅಂಗಡಿಗಳಿದ್ದವು. ಇದೇ ದಶಕದಲ್ಲಿ ಸೆಗಾದ ಮೆಗಾ ಡ್ರೈವ್ ಅನ್ನು ಭಾರತದಲ್ಲಿ ಅಧಿಕೃತವಾಗಿ ಮಾರಿದ್ದು ಶಾ ವಾಲೇಸ್. ಹೌದು, ಮದ್ಯಕ್ಕೆ ಹೆಸರಾದ ಶಾ ವಾಲೇಸೇ. ಮಧ್ಯಮ ವರ್ಗದ ಮನೆಗೆ ಅದರ ಬೆಲೆ ಎಟುಕುವಂತಿರಲಿಲ್ಲ. ಅಮೆರಿಕದಲ್ಲಿ ಸೆಗಾ ಮತ್ತು ನಿಂಟೆಂಡೊ ಜಾಹೀರಾತುಗಳಲ್ಲಿ ಒಂದನ್ನೊಂದು ಕೆಣಕುತ್ತಿದ್ದ ಕಥೆಗೆ ಪುಸ್ತಕಗಳೇ ಇವೆ. ನಮ್ಮಲ್ಲಿ ಗೆದ್ದದ್ದು ಎರಡೂ ಅಲ್ಲ, ನಕಲು. ಕಂಪನಿಗಳ ಬೋರ್ಡ್‌ರೂಮಿನಿಂದ ಬರೆದ ಚರಿತ್ರೆಗಳಲ್ಲಿ ಈ ಮಾತು ಅಡಿಟಿಪ್ಪಣಿಯಲ್ಲೂ ಸಿಗುವುದು ಕಷ್ಟ.

ಇನ್ನು ನಮ್ಮ ತಲೆಮಾರಿನ ಯಂತ್ರಕ್ಕೆ ಬರುತ್ತೇನೆ. 1991ರ ಜೂನ್‌ನಲ್ಲಿ ಷಿಕಾಗೊದ ವಸ್ತುಪ್ರದರ್ಶನದಲ್ಲಿ ಸೋನಿ ತಾನು ನಿಂಟೆಂಡೊ ಜೊತೆ ಸೇರಿ ಸಿಡಿ ಓಡಿಸುವ ಯಂತ್ರ ಮಾಡುವುದಾಗಿ ಸಾರಿತು. ಮರುದಿನ ಅದೇ ಪ್ರದರ್ಶನದಲ್ಲಿ ನಿಂಟೆಂಡೊ, ತಾನು ಫಿಲಿಪ್ಸ್ ಜೊತೆ ಹೋಗುವುದಾಗಿ ಹೇಳಿತು. ಸಿಡಿ ಆಟಗಳ ಹಣ ಯಾರ ಕೈ ಸೇರಬೇಕು ಎಂಬುದೇ ಜಗಳದ ಮೂಲ. ಸೋನಿಯ ಎಂಜಿನಿಯರ್ ಕೆನ್ ಕುತರಾಗಿ ಹಟ ಹಿಡಿದು ಮುಂದುವರಿಸಿದ ಕೆಲಸವೇ 1994ರ ಡಿಸೆಂಬರ್ 3ರಂದು ಜಪಾನಿನಲ್ಲಿ ಪ್ಲೇಸ್ಟೇಷನ್ ಆಗಿ ಬಂತು. 1995ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸಿನ ಇ3 ಸಮ್ಮೇಳನದಲ್ಲಿ ಸೆಗಾ ತನ್ನ ಸ್ಯಾಟರ್ನ್ 399 ಡಾಲರಿಗೆ ಅಂದೇ ಅಂಗಡಿಯಲ್ಲಿದೆ ಎಂದಿತು. ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದು '299' ಎಂದಷ್ಟೇ ಹೇಳಿ ಇಳಿದರು. ಆ ದಿನ ಸರಕು ಸಿಗದೆ ಹೊರಗುಳಿದ ಅಂಗಡಿಗಳವರ ಸಿಟ್ಟನ್ನೂ ಸೆಗಾ ಕಟ್ಟಿಕೊಂಡಿತು. ಕೆಬಿ ಟಾಯ್ಸ್ ಅಂಗಡಿಗಳು ಸ್ಯಾಟರ್ನ್ ಇಡಲೇ ಇಲ್ಲ.

1996ರಲ್ಲಿ ಬಂದ ನಿಂಟೆಂಡೊ 64 ಶಕ್ತಿಯಲ್ಲಿ ಹಲವು ಲೆಕ್ಕಕ್ಕೆ ಮೇಲಿತ್ತು. ಆದರೆ ಬಾಯಿ ಹಳೆಯದೇ, ಕ್ಯಾಸೆಟ್ಟಿನದು. ದೊಡ್ಡದೆಂದರೆ 64 ಮೆಗಾಬೈಟ್. ಒಂದು ಸಿಡಿಯಲ್ಲಿ 650ರಷ್ಟು. ಸಿಡಿ ಒತ್ತುವುದು ಅಗ್ಗ, ಬೇಡಿಕೆ ನೋಡಿ ಬೇಗ ಒತ್ತಬಹುದು. ಕ್ಯಾಸೆಟ್ಟಿಗೆ ಮುಂಗಡ ಸುರಿದು ಕಾಯಬೇಕು. ನಿಂಟೆಂಡೊ ಜೊತೆ ಬೆಳೆದ ಸ್ಕ್ವೇರ್ ಕಂಪನಿ ಬಿಟ್ಟು ಹೊರಟದ್ದು ಇದಕ್ಕೇ. ಅದರ ಫೈನಲ್ ಫ್ಯಾಂಟಸಿ 7 ಮೂರು ಸಿಡಿ ತುಂಬಿಕೊಂಡು 1997ರಲ್ಲಿ ಪ್ಲೇಸ್ಟೇಷನ್ನಿಗೆ ಬಂತು. ಮೊದಲ ಪ್ಲೇಸ್ಟೇಷನ್ 10 ಕೋಟಿ ದಾಟಿತು.

2000ದ ಪ್ಲೇಸ್ಟೇಷನ್ 2ಕ್ಕೆ ಸಮನಾದದ್ದು ಆಮೇಲೆ ಬರಲಿಲ್ಲ. ಇದು ಅಭಿಮಾನದ ಮಾತೆಂದು ಯಾರಾದರೂ ಅಂದರೆ ಅಡ್ಡಿಯಿಲ್ಲ, ಸಂಖ್ಯೆಗಳೂ ನನ್ನ ಜೊತೆಗಿವೆ. ಸೋನಿಯ ಲೆಕ್ಕದಲ್ಲಿ ಮಾರಾಟ 16 ಕೋಟಿ ಮೀರಿತು. ಹಳೆಯ ಪ್ಲೇಸ್ಟೇಷನ್ ಸಿಡಿ ಅದರಲ್ಲಿ ಓಡುತ್ತಿತ್ತು, ಸಿನಿಮಾ ಡಿವಿಡಿಯೂ ಓಡುತ್ತಿತ್ತು. ಡಿವಿಡಿ ಪ್ಲೇಯರ್ ಕೊಳ್ಳುವ ಹಣಕ್ಕೆ ಇದನ್ನು ಕೊಂಡರೆ ಆಟ ಉಚಿತವಾಗಿ ಬಂದ ಹಾಗೆ ಎಂದು ಅಪ್ಪನನ್ನು ಒಪ್ಪಿಸಿದ ಮಕ್ಕಳು ನಮ್ಮಲ್ಲಿ ಎಷ್ಟೋ. ಅಮೆರಿಕದಲ್ಲಿ 299 ಡಾಲರಿಗೆ ಶುರುವಾದ ಅದರ ಬೆಲೆ 2009ಕ್ಕೆ 99ಕ್ಕೆ ಇಳಿಯಿತು. 2013ರ ಆರಂಭದವರೆಗೂ ಅದರ ಉತ್ಪಾದನೆ ನಡೆಯಿತು. ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನ ಸಂದುಗಳಲ್ಲಿ ನಕಲಿ ಡಿಸ್ಕು ಓಡಿಸಲೆಂದು ಚಿಪ್ ಹಾಕಿಸಿದ ಯಂತ್ರ, ಆ ಡಿಸ್ಕು ಎರಡೂ ಸಿಗುತ್ತಿದ್ದವು. ಕಳ್ಳಮಾಲನ್ನು ನಾನು ಸಮರ್ಥಿಸುತ್ತಿಲ್ಲ, ಆದರೆ ಈ ಯಂತ್ರ ಸಣ್ಣ ಊರುಗಳಿಗೆ ತಲುಪಿದ್ದು ಆ ಸಂದಿನಿಂದಲೇ ಎಂಬುದನ್ನು ಮುಚ್ಚಿಡಲಾರೆ. ನಮ್ಮ ಮಾರುಕಟ್ಟೆಯ ಗಾತ್ರ ಸೋನಿಗೂ ಅರಿವಾಯಿತು. 2009ರಲ್ಲಿ ಹೈದರಾಬಾದಿನಲ್ಲಿ ತಯಾರಾದ 'ಹನುಮಾನ್: ಬಾಯ್ ವಾರಿಯರ್' ಪ್ಲೇಸ್ಟೇಷನ್ 2ಕ್ಕೆ ಬಂತು. ಆಟ ಸುಮಾರು, ಆದರೆ ಭಾರತದಲ್ಲೇ ಮಾಡಿ ಭಾರತಕ್ಕೆ ಮಾರುವ ಆ ಧೈರ್ಯವನ್ನು ಕಂಪನಿಗಳು ಆಮೇಲೆ ಅಪರೂಪಕ್ಕೆ ತೋರಿಸಿದವು.

ಪ್ಲೇಸ್ಟೇಷನ್ 2ರ ಹೊಡೆತಕ್ಕೆ ಸೆಗಾದ ಡ್ರೀಮ್‌ಕಾಸ್ಟ್ 2001ರಲ್ಲಿ ನಿಂತಿತು, ಸೆಗಾ ಕನ್ಸೋಲ್ ವ್ಯಾಪಾರವನ್ನೇ ಬಿಟ್ಟಿತು. ಆ ವರ್ಷವೇ ಅಖಾಡಕ್ಕಿಳಿದ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್‌ನಲ್ಲಿ ಬಲ ಹೆಚ್ಚಿದ್ದರೂ ಮಾರಾಟ ಎರಡೂವರೆ ಕೋಟಿ ಮುಟ್ಟಲಿಲ್ಲ.

ಮುಂದಿನ ಸುತ್ತಿನಲ್ಲಿ ಸೋನಿ ಸೊಕ್ಕಿತು. 2006ರ ಪ್ಲೇಸ್ಟೇಷನ್ 3ರ ಮೇಲಿನ ಮಾದರಿಗೆ ಅಮೆರಿಕದಲ್ಲಿ 599 ಡಾಲರ್, ನಮ್ಮಲ್ಲಿ ಮರುವರ್ಷ 39,990 ರೂಪಾಯಿ. ವರ್ಷ ಮೊದಲೇ ಬಂದಿದ್ದ ಎಕ್ಸ್‌ಬಾಕ್ಸ್ 360 ಮುಂದೆ ಓಡಿತು. ಆದರೆ ಒಳಗೆ ಕಾವು ಏರಿ ಕೆಂಪು ದೀಪ ಹೊತ್ತಿ ಸಾಯುವ ರೋಗ ಅದಕ್ಕಿತ್ತು. 2007ರಲ್ಲಿ ಮೈಕ್ರೋಸಾಫ್ಟ್ ರಿಪೇರಿಗೆಂದೇ ನೂರು ಕೋಟಿ ಡಾಲರಿಗೂ ಹೆಚ್ಚು ತೆಗೆದಿಟ್ಟಿತು. ಇಬ್ಬರನ್ನೂ ಹಿಂದಿಕ್ಕಿದ್ದು ಕೈ ಬೀಸಿ ಆಡುವ ನಿಂಟೆಂಡೊ ವೀ. ಅದು ನನ್ನ ಬಾಯಿಯ ಸಿದ್ಧಾಂತಕ್ಕೆ ಪೂರ್ತಿ ಬಗ್ಗುವುದಿಲ್ಲ. ಟೆರಾಫ್ಲಾಪ್ ಸಿದ್ಧಾಂತಕ್ಕಂತೂ ಬಗ್ಗುವುದೇ ಇಲ್ಲ.

ನನ್ನ ವಾದಕ್ಕೆ ಗಟ್ಟಿ ಸಾಕ್ಷಿ 2013. ಎಕ್ಸ್‌ಬಾಕ್ಸ್ ಒನ್ ಎಂಬ ತನ್ನ ಹೊಸ ಯಂತ್ರ ದಿನಕ್ಕೊಮ್ಮೆ ಇಂಟರ್‌ನೆಟ್‌ಗೆ ಹೋಗಿ ಬರಲೇಬೇಕು, ಹಳೆಯ ಡಿಸ್ಕನ್ನು ಮಾರುವುದಕ್ಕೆ, ಎರವಲು ಕೊಡುವುದಕ್ಕೆ ಕಟ್ಟುಪಾಡಿರುತ್ತದೆ ಎಂದು ಮೈಕ್ರೋಸಾಫ್ಟ್ ಸಾರಿತು. ಸೋನಿಯ ಉತ್ತರ ಒಂದು ಪುಟ್ಟ ವಿಡಿಯೋ: ಕಂಪನಿಯ ಶುಹೆಯಿ ಯೊಶಿದಾ ಪಕ್ಕದಲ್ಲಿದ್ದ ಸಹೋದ್ಯೋಗಿ ಆಡಮ್ ಬಾಯ್ಸ್ ಕೈಗೆ ಡಿಸ್ಕು ಕೊಟ್ಟರು, ಅಷ್ಟೇ. ಜೂನ್ 19ರಂದು ಮೈಕ್ರೋಸಾಫ್ಟ್ ನಿಯಮ ಹಿಂತೆಗೆದುಕೊಂಡರೂ ಹೋದ ಮಾನ ಬರಲಿಲ್ಲ. ಪ್ಲೇಸ್ಟೇಷನ್ 4 ಹನ್ನೊಂದು ಕೋಟಿ ದಾಟಿತು.

ಅಂದು ಮೈಕ್ರೋಸಾಫ್ಟನ್ನು ಅಣಕಿಸಿದ ಸೋನಿಯೇ ಈಗ ಮೆಲ್ಲಗೆ ಅದೇ ದಾರಿ ಹಿಡಿದಿದೆ. 2024ರ ನವೆಂಬರಿನ ಪಿಎಸ್5 ಪ್ರೊಗೆ ಬಂದಾಗ 700 ಡಾಲರ್ ಇತ್ತು, ಡಿಸ್ಕ್ ಡ್ರೈವ್ ಬೇಕಾದರೆ ಬೇರೆ ಕೊಳ್ಳಬೇಕು. (ವೈಫೈ ತರಂಗಾಂತರದ ನಿಯಮದಿಂದ ಅದು ಆಗ ಭಾರತಕ್ಕೆ ಬರಲಿಲ್ಲ.) ಎಕ್ಸ್‌ಬಾಕ್ಸಿನ ಅಗ್ಗದ ಮಾದರಿ ಸೀರೀಸ್ ಎಸ್‌ಗೆ ಬಾಯೇ ಇಲ್ಲ. ನಿಂಟೆಂಡೊ ಸ್ವಿಚ್ 2ರ ಕೆಲವು ಕಾರ್ಡುಗಳಲ್ಲಿ ಆಟವೇ ಇರುವುದಿಲ್ಲ, ಡೌನ್‌ಲೋಡ್ ಮಾಡಲು ಕೀಲಿ ಮಾತ್ರ. 6,870 ಕೋಟಿ ಡಾಲರಿಗೆ ಆಕ್ಟಿವಿಷನ್ ಬ್ಲಿಝರ್ಡ್ ಎಂಬ ಆಟದ ಕಂಪನಿಯನ್ನು ಕೊಂಡ ಮೈಕ್ರೋಸಾಫ್ಟ್, ತನ್ನ ಆಟಗಳನ್ನು ಪ್ಲೇಸ್ಟೇಷನ್ನಿಗೂ ಕೊಡತೊಡಗಿದೆ. ಆಟಗಳ ತಿಂಗಳ ಚಂದಾದಲ್ಲೇ ಅದಕ್ಕೆ ಲಾಭ ಕಂಡಿದೆ. ಆ ಚಂದಾದ ಮೇಲಿನ ದರ್ಜೆ 2025ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ 20 ಡಾಲರಿನಿಂದ 30ಕ್ಕೆ ಹಾರಿತು. ಯಂತ್ರಗಳ ಬೆಲೆ ವರ್ಷ ಕಳೆದಂತೆ ಇಳಿಯುವ ಕಾಲವೂ ಮುಗಿಯಿತು. 2021ರ ಫೆಬ್ರವರಿಯಲ್ಲಿ ನಮ್ಮಲ್ಲಿ 49,990 ರೂಪಾಯಿಗೆ ಬಂದ ಪಿಎಸ್5 ಮರುವರ್ಷ 54,990 ಆಯಿತು.

ಡಿಸ್ಕು ಹೋದರೆ ಹೋಗಲಿ ಎನ್ನುವವರು ಒಂದು ಲೆಕ್ಕ ನೋಡಬೇಕು. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇಕಡ 87 ಮಾರಾಟದಲ್ಲೇ ಇಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ನಮ್ಮ ನಕಲಿ ಕ್ಯಾಸೆಟ್ಟುಗಳ ಕಾಲವನ್ನು ಯಾರು ಎಣಿಸಬೇಕು? ಆಟ ಮಾಡುವವರಿಗೇನೂ ಇಲ್ಲಿ ಕೊರತೆಯಿಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಎಕ್ಸ್‌ಬಾಕ್ಸಿನ ಫೋರ್ಜಾ ಆಟಗಳಿಗೆ ಚಿತ್ರಕಲೆ ಮಾಡಿಕೊಟ್ಟಿತು, 2019ರಲ್ಲಿ ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ಪುಣೆಯ ನಾಡಿಂಗ್ ಹೆಡ್ಸ್ ತಂಡದ 'ರಾಜಿ' ಆಟ 2020ರಲ್ಲಿ ಮೊದಲು ಬಿಡುಗಡೆಯಾದದ್ದು ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೇ ಇಲ್ಲದ ನಿಂಟೆಂಡೊ ಸ್ವಿಚ್‌ನಲ್ಲಿ. ಮಾಡುವ ಕೈಗಳು ಇಲ್ಲಿ, ಕೊಳ್ಳುವವರ ಲೆಕ್ಕ ಮಾತ್ರ ಯಾರ ಪುಸ್ತಕದಲ್ಲೂ ಇಲ್ಲ.

ಹಾಗಾದರೆ ಯಾವುದು ಕೊಳ್ಳಬೇಕು? 2024ರಲ್ಲಿ ಇಲ್ಲಿಗೆ ಬಂದ ಪಿಎಸ್5 ಸ್ಲಿಮ್‌ಗೆ ಆಗ ಡಿಸ್ಕ್ ಡ್ರೈವ್ ಇದ್ದರೆ 54,990, ಇಲ್ಲದಿದ್ದರೆ 44,990 ಇತ್ತು. ಹತ್ತು ಸಾವಿರ ಉಳಿಯಿತೆಂದು ಹಿಗ್ಗಬೇಡಿ. ದೊಡ್ಡ ಹೊಸ ಆಟಕ್ಕೆ ಐದು ಸಾವಿರದ ಆಸುಪಾಸು. ಡಿಸ್ಕಿನಲ್ಲಿ ಕೊಂಡು, ಮುಗಿಸಿ, ಅರ್ಧ ಬೆಲೆಗೆ ಮಾರಿದರೆ ನಾಲ್ಕು ಆಟಕ್ಕೆ ಆ ಹತ್ತು ಸಾವಿರ ವಾಪಸ್. ಸ್ವಿಚ್ ಬೇಕೇಬೇಕೆಂದರೆ ಹೊರಗಿನಿಂದ ತರಿಸಿದ ಮಾಲಿಗೆ ಇಲ್ಲಿ ಕಂಪನಿಯ ವಾರಂಟಿ ಇಲ್ಲ ಎಂದು ತಿಳಿದೇ ಕೊಳ್ಳಿ. ಸೀರೀಸ್ ಎಸ್ ಕೊಳ್ಳುವವರು ಯಂತ್ರದ ಬೆಲೆಗೆ ಮೂರು ವರ್ಷದ ಚಂದಾ ಸೇರಿಸಿ ಕೂಡಿ ನೋಡಿ. ಅಂಗಡಿಗೆ ಹೋದಾಗ ಟೆರಾಫ್ಲಾಪ್ ಕೇಳಬೇಡಿ. ಹಳೆಯ ಡಿಸ್ಕು ವಾಪಸ್ ತಗೋತೀರಾ, ಎಷ್ಟಕ್ಕೆ, ಎಂದು ಕೇಳಿ.