ಏನಿದು ದಲಿತ ದೈವಶಾಸ್ತ್ರ? ಚರ್ಚ್ ಒಳಗಿನ ಜಾತಿಯನ್ನು ಪ್ರಶ್ನಿಸಿದ ಬೆಂಗಳೂರಿನ ಚಿಂತನೆ

ಕ್ರೈಸ್ತ ಧರ್ಮದಲ್ಲಿ ಜಾತಿ ಇಲ್ಲ ಎನ್ನುವ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಪರಿಶಿಷ್ಟ ಜಾತಿ ಮೀಸಲಾತಿಯಿಂದ ದಲಿತ ಕ್ರೈಸ್ತರನ್ನು ಹೊರಗಿಡಲು ಸರ್ಕಾರ ಕೊಡುವ ಕಾರಣವೂ ಹೆಚ್ಚು ಕಡಿಮೆ ಇದೇ. ಆದರೆ ತಮಿಳುನಾಡಿನ ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೋಲಿಕ್ ಸ್ಮಶಾನಕ್ಕೆ ಹೋದರೆ ಬೇರೆಯೇ ಕಥೆ. ದಲಿತರ ಸಮಾಧಿ ಒಂದು ಕಡೆ, ಉಳಿದವರ ಸಮಾಧಿ ಇನ್ನೊಂದು ಕಡೆ ಇರುವಂತೆ ಅಲ್ಲಿ ನಡುವೆ ಗೋಡೆ ಕಟ್ಟಲಾಗಿತ್ತು. ಅದನ್ನು ಒಡೆಯಬೇಕೆಂದು ದಲಿತ ಕ್ರೈಸ್ತರು ವರ್ಷಗಟ್ಟಲೆ ಹೋರಾಡಿದ್ದಾರೆ.

ಇಂಥ ಗೋಡೆಗಳ ಬಗ್ಗೆ ಚರ್ಚ್ ಒಳಗಿನವರೇ ಮಾತಾಡಲು ಶುರುಮಾಡಿದಾಗ ಹುಟ್ಟಿದ್ದು ದಲಿತ ದೈವಶಾಸ್ತ್ರ, ಅಂದರೆ ದಲಿತ್ ಥಿಯಾಲಜಿ. ಅದರ ಮೊದಲ ಮಾತು ಕೇಳಿಸಿದ್ದು ಬೆಂಗಳೂರಿನಲ್ಲಿ.

1981ರ ಆ ಭಾಷಣ

ಬೆಂಗಳೂರಿನ ಬೆನ್ಸನ್ ಟೌನ್‌ನಲ್ಲಿರುವ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು (ಯುಟಿಸಿ) 1910ರಲ್ಲಿ ಆರಂಭವಾದ ಸಂಸ್ಥೆ. ದಕ್ಷಿಣ ಭಾರತದ ಪ್ರಾಟೆಸ್ಟೆಂಟ್ ಸಭೆಗಳ ಎಷ್ಟೋ ಪಾದ್ರಿಗಳು ಓದಿದ್ದು ಇಲ್ಲೇ. 1981ರಲ್ಲಿ ಇಲ್ಲಿನ ಪ್ರಾಧ್ಯಾಪಕ ಅರವಿಂದ್ ಪಿ. ನಿರ್ಮಲ್ ಕಾಲೇಜಿನ ಕ್ಯಾರಿ ಸೊಸೈಟಿಯಲ್ಲಿ ಒಂದು ಭಾಷಣ ಮಾಡಿದರು. ವಿಷಯ, ಶೂದ್ರ ದೈವಶಾಸ್ತ್ರದ ಕಡೆಗೆ. ದಲಿತ ದೈವಶಾಸ್ತ್ರದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುತ್ತಾರೆ.

ನಿರ್ಮಲ್ ಮಹಾರಾಷ್ಟ್ರದ ದಲಿತ ಹಿನ್ನೆಲೆಯವರು. ಅಲ್ಲಿ 1972ರಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತ್ತು, ಮರಾಠಿ ದಲಿತ ಸಾಹಿತ್ಯ ಜೋರಾಗಿತ್ತು. ಕರ್ನಾಟಕದಲ್ಲೂ 1973ರ ಬೂಸಾ ಪ್ರಕರಣದ ನಂತರ ದಲಿತ ಸಂಘರ್ಷ ಸಮಿತಿ, ಬಂಡಾಯ ಸಾಹಿತ್ಯದ ಕಾಲ. ಸುತ್ತ ಇಷ್ಟೆಲ್ಲ ನಡೆಯುತ್ತಿರುವಾಗ ಚರ್ಚ್ ಏನು ಓದುತ್ತಿದೆ ಎಂಬುದು ನಿರ್ಮಲ್ ಎತ್ತಿದ ಪ್ರಶ್ನೆ.

ಭಾರತೀಯ ಕ್ರೈಸ್ತ ಚಿಂತನೆ ಎಂಬ ಹೆಸರಿನಲ್ಲಿ ಅಲ್ಲಿಯವರೆಗೆ ನಡೆದ ಕೆಲಸದಲ್ಲಿ ಬಹುಪಾಲು ವೇದಾಂತದ ಜೊತೆಗಿನ ಸಂವಾದ. ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು ತ್ರಿಯೇಕ ದೇವರನ್ನು ಸಚ್ಚಿದಾನಂದ ಎಂದು ವಿವರಿಸಿದ್ದು ಇದಕ್ಕೆ ಪ್ರಸಿದ್ಧ ಉದಾಹರಣೆ. ಒಳ್ಳೆಯ ಪಾಂಡಿತ್ಯವೇ, ಅನುಮಾನವಿಲ್ಲ. ಆದರೆ ಆ ವೇದಾಂತವನ್ನು ಓದಲು ಯಾರಿಗೆ ಅವಕಾಶವೇ ಇರಲಿಲ್ಲವೋ ಅವರೇ ಚರ್ಚ್‌ನ ಬೆಂಚುಗಳಲ್ಲಿ ಹೆಚ್ಚಾಗಿ ಕೂತಿದ್ದರು. ಅವರ ಅನುಭವಕ್ಕೆ ಪಾಠಪಟ್ಟಿಯಲ್ಲಿ ಜಾಗ ಇರಲಿಲ್ಲ.

ಹಾಗಾದರೆ ಇವರು ಹೇಳುವುದೇನು?

ದಲಿತ ದೈವಶಾಸ್ತ್ರ ಬೈಬಲನ್ನು ಬದಲಿಸುವುದಿಲ್ಲ, ಓದುವ ಜಾಗವನ್ನು ಬದಲಿಸುತ್ತದೆ. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸುವಿನ ವಂಶಾವಳಿ ಇದೆ. ಅದರಲ್ಲಿ ತಾಮಾರ, ರಾಹಾಬ ಎಂಬ ಹೆಸರುಗಳು ಬರುತ್ತವೆ. ಸಮಾಜ ಮೂಗು ಮುರಿಯುವ ಹಿನ್ನೆಲೆಯ ಹೆಂಗಸರು ಇವರು. ನಿರ್ಮಲ್ ಇದನ್ನು ಎತ್ತಿ ತೋರಿಸಿದರು. ಯೆಶಾಯನ ಪುಸ್ತಕದ 53ನೇ ಅಧ್ಯಾಯದ ನೊಂದ ಸೇವಕನ ಚಿತ್ರವೂ ಅವರಿಗೆ ಮುಖ್ಯ. ಊರಿನ ಕಸ ಗುಡಿಸುವ, ಮಲ ಹೊರುವ ಸೇವೆ ಯಾರ ತಲೆಗೆ ಬಿದ್ದಿದೆಯೋ ಅವರ ಕಣ್ಣಿನಲ್ಲಿ ದೇವರು ಸೇವಕ ಎಂಬ ಮಾತಿಗೆ ಬೇರೆಯೇ ಅರ್ಥ ಬರುತ್ತದೆ ಎಂಬುದು ಅವರ ವಾದ. ಯೆರೂಸಲೇಮಿನ ದೇವಾಲಯದಲ್ಲಿ ಯೇಸು ವ್ಯಾಪಾರಿಗಳ ಮೇಜು ಉರುಳಿಸಿದ ಘಟನೆಯನ್ನು ಅವರು ದೇವಸ್ಥಾನ ಪ್ರವೇಶ ಹೋರಾಟಗಳ ಪಕ್ಕದಲ್ಲಿಟ್ಟು ಓದಿದರು. ಆ ವ್ಯಾಪಾರ ನಡೆಯುತ್ತಿದ್ದದ್ದು ಅನ್ಯಜನರಿಗೆ ಬಿಟ್ಟಿದ್ದ ಹೊರ ಅಂಗಳದಲ್ಲಿ, ಅಂದರೆ ಒಳಗೆ ಹೋಗಲಾಗದವರಿಗೆ ಇದ್ದ ಒಂದೇ ಜಾಗದಲ್ಲಿ.

ಮುಂದೆ ನಿರ್ಮಲ್ ಚೆನ್ನೈನ ಗುರುಕುಲ್ ಲುಥೆರನ್ ಕಾಲೇಜಿನಲ್ಲಿ ದಲಿತ ದೈವಶಾಸ್ತ್ರ ವಿಭಾಗದ ಹೊಣೆ ಹೊತ್ತರು. ಚರ್ಚೆ ತಮಿಳುನಾಡಿಗೆ ಹೋದ ಮೇಲೆ ಅದಕ್ಕೆ ಮಣ್ಣಿನ ವಾಸನೆ ಬಂತು ಎನ್ನಬೇಕು. ಮದುರೈನ ತಮಿಳುನಾಡು ಥಿಯೊಲಾಜಿಕಲ್ ಸೆಮಿನರಿಯ ಥಿಯೋಫಿಲಸ್ ಅಪ್ಪಾವು ಎಲ್ಲರಿಗೂ 'ಪರಟ್ಟೈ' ಎಂದೇ ಪರಿಚಿತರು. ಕೆದರಿದ ಕೂದಲಿನವನು ಎಂದು ಅದರ ಅರ್ಥ. ಆರಾಧನೆಯ ಹಾಡುಗಳನ್ನು ಕರ್ನಾಟಕ ಸಂಗೀತದ ರಾಗಗಳಿಂದ ಬಿಡಿಸಿ ಜಾನಪದ ಧಾಟಿಗೆ ತಂದವರು ಇವರು. ಪ್ರಭುಭೋಜನಕ್ಕೆ ಅವರು ಕೊಟ್ಟ ಹೆಸರು 'ಒರು ಉಲೈ', ಅಂದರೆ ಒಂದೇ ಗಡಿಗೆಯ ಅಡುಗೆ. ಎಲ್ಲರೂ ಮನೆಯಿಂದ ಅಕ್ಕಿಬೇಳೆ ತಂದು ಒಟ್ಟಿಗೆ ಬೇಯಿಸಿ ಒಟ್ಟಿಗೆ ಉಣ್ಣುವುದು. ಸಹಪಂಕ್ತಿ ಭೋಜನದ ಜಗಳಗಳನ್ನು ಕಂಡ ನಾಡಿನಲ್ಲಿ ಇದು ಸಣ್ಣ ವಿಷಯವಲ್ಲ.

ಸತಿಯನಾಥನ್ ಕ್ಲಾರ್ಕ್ 1998ರಲ್ಲಿ ಬರೆದ ಪುಸ್ತಕದಲ್ಲಿ 'ಪರೈ' ವಾದ್ಯವನ್ನು ಕ್ರಿಸ್ತನ ರೂಪಕವಾಗಿ ಬಳಸಿದರು. ನಮ್ಮ ತಮಟೆಯ ಹಾಗೆ ಅದೂ ಚರ್ಮದ ವಾದ್ಯ. ಸಾವಿನ ಮನೆಯಲ್ಲಿ ಬಡಿಯುತ್ತಾರೆ ಎಂಬ ಕಾರಣಕ್ಕೆ ಕೀಳೆನಿಸಿಕೊಂಡಿದ್ದ ವಾದ್ಯ ದೈವಶಾಸ್ತ್ರದ ಪುಸ್ತಕ ಸೇರಿತು.

ಹಳೆಯ ಜಗಳ

ಚರ್ಚ್ ಒಳಗಿನ ಜಾತಿ ಇವತ್ತಿನದಲ್ಲ. 1606ರಲ್ಲಿ ಮದುರೈಗೆ ಬಂದ ಜೆಸ್ವಿಟ್ ಪಾದ್ರಿ ರಾಬರ್ಟ್ ಡಿ ನೊಬಿಲಿ ಬ್ರಾಹ್ಮಣ ಸನ್ಯಾಸಿಯ ವೇಷಭೂಷಣದಲ್ಲಿ ಮೇಲ್ಜಾತಿಯವರ ನಡುವೆ ಕೆಲಸ ಮಾಡಿದರು. ಕೆಳಜಾತಿಯವರಿಗೆ 'ಪಂಡಾರಸ್ವಾಮಿ' ಎಂಬ ಪ್ರತ್ಯೇಕ ಗುರುಗಳ ವ್ಯವಸ್ಥೆ ಆಮೇಲೆ ಬಂತು. ಪ್ರಾಟೆಸ್ಟೆಂಟರಲ್ಲಿ 1833ರಲ್ಲಿ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿ ಭೇದ ಬಿಡಲೇಬೇಕು ಎಂದು ಸುತ್ತೋಲೆ ಹೊರಡಿಸಿದಾಗ, ತಂಜಾವೂರಿನ ಮೇಲ್ಜಾತಿ ಕ್ರೈಸ್ತರು ತಿರುಗಿಬಿದ್ದರು.

ಆಮೇಲೆ ಬಂದದ್ದು ಸಾಮೂಹಿಕ ಮತಾಂತರಗಳ ಕಾಲ. ಪಂಜಾಬಿನ ಸಿಯಾಲ್‌ಕೋಟ್ ಭಾಗದಲ್ಲಿ 1873ರಲ್ಲಿ ದಿತ್ ಎಂಬ ಚರ್ಮದ ವ್ಯಾಪಾರಿ ದೀಕ್ಷಾಸ್ನಾನ ಪಡೆದ. ಅವನು ಊರು ಬಿಡಲಿಲ್ಲ, ಕಸುಬೂ ಬಿಡಲಿಲ್ಲ. ಅವನ ಹಿಂದೆ ಸಾವಿರಾರು ಮಂದಿ ಬಂದರು. ತೆಲುಗು, ತಮಿಳು ಪ್ರದೇಶಗಳಲ್ಲೂ ಹೀಗೇ ಆಯಿತು. ಇದರ ಫಲ ಇವತ್ತಿನ ಲೆಕ್ಕದಲ್ಲಿ ಕಾಣುತ್ತದೆ. ಭಾರತದ ಕ್ಯಾಥೋಲಿಕ್ ಬಿಷಪ್ಪರ ಮಂಡಳಿ (ಸಿಬಿಸಿಐ) 2016ರ ಡಿಸೆಂಬರ್‌ನಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ, 1.9 ಕೋಟಿ ಕ್ಯಾಥೋಲಿಕರಲ್ಲಿ 1.2 ಕೋಟಿ ಮಂದಿ ದಲಿತರು ಎಂದಿದೆ. ಅಸ್ಪೃಶ್ಯತೆ ಚರ್ಚ್ ಒಳಗೂ ಇದೆ ಎಂದು ಅದೇ ದಾಖಲೆ ಒಪ್ಪಿಕೊಂಡಿದೆ. ಹಾಗಿದ್ದೂ ದಲಿತ ಹಿನ್ನೆಲೆಯ ಮೊದಲ ಕಾರ್ಡಿನಲ್ ಆಗಿ ಹೈದರಾಬಾದ್‌ನ ಆರ್ಚ್‌ಬಿಷಪ್ ಆಂಥೋನಿ ಪೂಲ ಅವರನ್ನು ಕಾಣಲು 2022ರ ಆಗಸ್ಟ್‌ವರೆಗೆ ಕಾಯಬೇಕಾಯಿತು.

ಚಮ್ಮಾರನ ಪೆಟ್ಟಿಗೆ ಅಂಗಡಿ

ದೈವಶಾಸ್ತ್ರದ ಚರ್ಚೆ ಕೋರ್ಟ್ ಮೆಟ್ಟಿಲನ್ನು ಮುಟ್ಟುವುದು ಇಲ್ಲಿ. ರಾಷ್ಟ್ರಪತಿಗಳು 1950ರ ಆಗಸ್ಟ್ 10ರಂದು ಹೊರಡಿಸಿದ ಆದೇಶದ ಮೂರನೇ ಪ್ಯಾರಾ ಪ್ರಕಾರ ಹಿಂದೂ ಧರ್ಮದವರಷ್ಟೇ ಪರಿಶಿಷ್ಟ ಜಾತಿ ಪಟ್ಟಿಯಲ್ಲಿರಬಹುದು. 1956ರಲ್ಲಿ ಸಿಖ್ಖರನ್ನೂ, 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು.

ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರು ಆದಿ ದ್ರಾವಿಡ ಸಮುದಾಯದ ಕ್ರೈಸ್ತರು. ಸರ್ಕಾರ ಚಮ್ಮಾರರಿಗೆ ಉಚಿತವಾಗಿ ಪೆಟ್ಟಿಗೆ ಅಂಗಡಿ ಕೊಡುತ್ತಿತ್ತು. ಪಕ್ಕದಲ್ಲಿ ಕೂತು ಅದೇ ಕೆಲಸ ಮಾಡುತ್ತಿದ್ದವರಿಗೆ ಸಿಕ್ಕಿದ್ದು ಇವರಿಗೆ ಸಿಗಲಿಲ್ಲ. 1985ರಲ್ಲಿ ಸುಪ್ರೀಂ ಕೋರ್ಟ್ ಇವರ ಅರ್ಜಿಯನ್ನು ವಜಾ ಮಾಡಿತು. ಮತಾಂತರದ ನಂತರವೂ ಜಾತಿ ಮುಂದುವರಿಯುತ್ತದೆ ಎಂದರೆ ಸಾಲದು, ಅದರಿಂದಾಗುವ ಹಿಂದುಳಿದಿರುವಿಕೆ ಹೊಸ ಧರ್ಮದಲ್ಲೂ ಅಷ್ಟೇ ತೀವ್ರವಾಗಿದೆ ಎಂದು ಸಾಬೀತುಪಡಿಸಬೇಕು ಎಂಬುದು ತೀರ್ಪಿನ ತಿರುಳು.

ಇಕ್ಕಟ್ಟು ಏನೆಂದು ಗಮನಿಸಿ. ಮೀಸಲಾತಿ ಬೇಕೆಂದರೆ ಚರ್ಚ್‌ನಲ್ಲಿ ಜಾತಿ ಇದೆ ಎಂಬುದಕ್ಕೆ ಚರ್ಚ್ ಸದಸ್ಯರೇ ಸಾಕ್ಷಿ ಕೊಡಬೇಕು. ಹಾಗೆ ಹೇಳಿದರೆ ಒಳಗಿನವರಿಗೆ ಮುಜುಗರ, ಹೊರಗಿನವರಿಗೆ ಮತಾಂತರವನ್ನು ಟೀಕಿಸಲು ಅಸ್ತ್ರ. ಬಿಷಪ್ಪರು ತಡವಾಗಿ ಒಪ್ಪಿಕೊಂಡ ಮಾತನ್ನು ದಲಿತ ದೈವಶಾಸ್ತ್ರಜ್ಞರು ಮೂವತ್ತು ವರ್ಷ ಮೊದಲೇ ಹೇಳಿದ್ದರು ಎನ್ನುವುದಕ್ಕೆ ತೂಕ ಬರುವುದು ಈ ಕಾರಣಕ್ಕೆ.

ನ್ಯಾಯಮೂರ್ತಿ ರಂಗನಾಥ್ ಮಿಶ್ರಾ ಆಯೋಗ 2007ರ ವರದಿಯಲ್ಲಿ ಮೂರನೇ ಪ್ಯಾರಾವನ್ನೇ ತೆಗೆದುಹಾಕಿ ಎಂದು ಶಿಫಾರಸು ಮಾಡಿತ್ತು. ಆಯೋಗದ ಸದಸ್ಯ ಕಾರ್ಯದರ್ಶಿ ಆಶಾ ದಾಸ್ ಇದಕ್ಕೆ ಭಿನ್ನಮತ ದಾಖಲಿಸಿದರು. ಶಿಫಾರಸು ಜಾರಿಯಾಗಲಿಲ್ಲ. ಇರುವ ಶೇ. 15ರ ಮೀಸಲಾತಿಯಲ್ಲೇ ಪಾಲುದಾರರು ಹೆಚ್ಚುತ್ತಾರೆ ಎಂಬ ಹಿಂದೂ ದಲಿತ ಸಂಘಟನೆಗಳ ಆತಂಕವನ್ನೂ ಸುಮ್ಮನೆ ತಳ್ಳಿಹಾಕುವಂತಿಲ್ಲ.

ಒಳಗಿನ ಟೀಕೆಗಳು

ದಲಿತ ದೈವಶಾಸ್ತ್ರಕ್ಕೂ ಟೀಕಾಕಾರರಿದ್ದಾರೆ, ಅವರಲ್ಲಿ ಹಲವರು ಮನೆಯವರೇ. ಆರಂಭದ ಬರಹಗಳು ಗಂಡಸರ ದನಿಯಲ್ಲೇ ಇದ್ದವು ಎಂದು ದಲಿತ ಮಹಿಳೆಯರು ಆಕ್ಷೇಪಿಸಿದರು. ಮಹಿಳೆಯ ಅನುಭವ ಮೊದಲು ಗಟ್ಟಿಯಾಗಿ ಕೇಳಿಸಿದ್ದು ಸೆಮಿನರಿಯಿಂದಲ್ಲ, ಸಾಹಿತ್ಯದಿಂದ. ಕ್ಯಾಥೋಲಿಕ್ ಸನ್ಯಾಸಿನಿ ಸಂಸ್ಥೆಯನ್ನು ಬಿಟ್ಟುಬಂದ ಬಾಮಾ 1992ರಲ್ಲಿ ತಮಿಳಿನಲ್ಲಿ ಬರೆದ ಆತ್ಮಕಥನ 'ಕರುಕ್ಕು' ಓದಿದವರಿಗೆ ಇದು ಗೊತ್ತಿರುತ್ತದೆ. ಇಷ್ಟೆಲ್ಲ ಬರೆದರೂ ಹಳ್ಳಿಯ ಸಭೆಗಳಲ್ಲಿ ಬದಲಾವಣೆ ಏಕೆ ಕಡಿಮೆ ಎಂದು ಪೆನಿಯೆಲ್ ರಾಜ್‌ಕುಮಾರ್ 2010ರ ತಮ್ಮ ಪುಸ್ತಕದಲ್ಲಿ ನೇರವಾಗಿ ಕೇಳಿದ್ದಾರೆ.

ಈಗ ಎಲ್ಲಿಗೆ ಬಂದಿದೆ?

ಮತಾಂತರಗೊಂಡ ದಲಿತರಿಗೆ ಪರಿಶಿಷ್ಟ ಜಾತಿ ಸ್ಥಾನ ಕೊಡಬಹುದೇ ಎಂದು ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಆಯೋಗ ರಚಿಸಿತು. ಕೊಟ್ಟಿದ್ದು ಎರಡು ವರ್ಷ, ಆಮೇಲೆ ಅವಧಿ ವಿಸ್ತರಣೆಯಾಯಿತು. ಕರ್ನಾಟಕದಲ್ಲಿ 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ವೇಳೆ ಜಾತಿಯ ಹೆಸರಿನ ಜೊತೆ ಕ್ರಿಶ್ಚಿಯನ್ ಎಂದು ಸೇರಿಸಿದ್ದಕ್ಕೆ ಎದ್ದ ವಿವಾದ ನೆನಪಿರಬಹುದು.

ಪ್ರಶ್ನೆ ಸೀಟು, ನೌಕರಿಗಷ್ಟೇ ಸೀಮಿತವೂ ಅಲ್ಲ. ಪರಿಶಿಷ್ಟ ಸ್ಥಾನ ಇಲ್ಲದಿದ್ದರೆ ಮೀಸಲು ಕ್ಷೇತ್ರದಲ್ಲಿ ಸ್ಪರ್ಧಿಸುವಂತಿಲ್ಲ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇಲ್ಲ. ಜಾತಿ ಹೆಸರಿನಲ್ಲಿ ತನ್ನನ್ನು ನಿಂದಿಸಿ ಹಲ್ಲೆ ಮಾಡಿದ್ದಾರೆ ಎಂದು ದೂರು ಕೊಟ್ಟಿದ್ದ ಪಾದ್ರಿಯೊಬ್ಬರ ಪ್ರಕರಣವನ್ನು ಆಂಧ್ರಪ್ರದೇಶ ಹೈಕೋರ್ಟ್ 2025ರಲ್ಲಿ ರದ್ದುಪಡಿಸಿತು. ಅವರು ಕ್ರೈಸ್ತರಾಗಿರುವುದರಿಂದ ಆ ಕಾಯ್ದೆಯಡಿ ದೂರು ನಿಲ್ಲುವುದಿಲ್ಲ ಎಂಬುದು ಕೋರ್ಟ್ ಕೊಟ್ಟ ಕಾರಣ.