ಗಾಳಿ ನಿಂತ ಕೆರೆ

ಬೆಂಗಳೂರಿನ ಆಟದ ಬಯಲುಗಳ ಚರಿತ್ರೆಯನ್ನು ಕೆದಕುತ್ತ ಹೋದರೆ ಕೈಗೆ ಹತ್ತುವುದು ಕೆರೆಯ ಕೆಸರು. ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಮೇಲೆ. ಹಾಕಿ ಕ್ರೀಡಾಂಗಣದ ಅಡಿಯಲ್ಲಿ ಅಕ್ಕಿತಿಮ್ಮನಹಳ್ಳಿ ಕೆರೆ, ಫುಟ್‌ಬಾಲ್ ಕ್ರೀಡಾಂಗಣದ ಅಡಿಯಲ್ಲಿ ಶೂಲೆ ಕೆರೆ. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ನಮ್ಮ ಪಶ್ಚಿಮದ ಬಡಾವಣೆಗಳೂ ಹಿಂದೆ ಬಿದ್ದಿಲ್ಲ. ರಾಜಾಜಿನಗರದ ಶಿವನಹಳ್ಳಿ ಕೆರೆ ಆಟದ ಮೈದಾನವೂ ಬಸ್ ನಿಲ್ದಾಣವೂ ಆಯಿತು. ಬಸವೇಶ್ವರನಗರದ ಮಗ್ಗುಲಿನ ಸಾಣೇಗುರುವನಹಳ್ಳಿ ಕೆರೆಯ ಜಾಗದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಕಟ್ಟಡವೇ ಎದ್ದಿತು! ಇದನ್ನು ಎಂಟನೆಯ ತರಗತಿಯಲ್ಲಿ ಹೇಳುತ್ತಿದ್ದಾಗ ಒಬ್ಬ ಹುಡುಗಿ, "ಆಟ ಆಡೋದಕ್ಕೆ ಕೆರೆ ಯಾಕೆ ಮುಚ್ಚಬೇಕಿತ್ತು ಮಿಸ್? ಕೆರೇಲೇ ಆಡೋ ಆಟ ಇರಲಿಲ್ಲವಾ?" ಎಂದಳು.

ಇತ್ತು, ಈಗಲೂ ಇದೆ. ಆದರೆ ಅದು ನಗರದ ಇನ್ನೊಂದು ತುದಿಯ ಹಲಸೂರು ಕೆರೆಯಲ್ಲಿ. ಎರಡನೆಯ ಕೆಂಪೇಗೌಡರು ಕಟ್ಟಿಸಿದರೆಂದು ಪ್ರತೀತಿಯಿರುವ ಈ ಕೆರೆಯ ದಡದಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂಬ ಸೇನಾದಳದ ನೆಲೆಯಿದೆ. 1780ರಲ್ಲಿ ಹುಟ್ಟಿದ ಈ ದಳ 1834ರಲ್ಲಿ ಬೆಂಗಳೂರಿಗೆ ಬಂದಿತು. ಹೊಳೆಗೆ ಸೇತುವೆ ಕಟ್ಟುವುದು ಇವರ ಕಸುಬು. ನೀರಿನ ನಂಟು ಹೊಸದಲ್ಲ. ಇದೇ ಎಂಜಿನಿಯರ್ ಪಡೆಯವರು 'ತೃಷ್ಣಾ' ಎಂಬ 37 ಅಡಿಯ ಹಾಯಿದೋಣಿಯಲ್ಲಿ 1985ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯಿಂದ ಹೊರಟು, ಭೂಮಂಡಲವನ್ನೇ ಸುತ್ತಿ 1987ರ ಜನವರಿಯಲ್ಲಿ ಮರಳಿದರು. ಹಲಸೂರಿನ ಹಾಯಿದೋಣಿ ಸಂಘದ ಹೆಸರೂ ತೃಷ್ಣಾ.

ಸಮುದ್ರದ ಬಿರುಗಾಳಿಯನ್ನು ಗೆದ್ದ ಕಥೆ ಎಲ್ಲರಿಗೂ ರುಚಿಸುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಗಾಳಿಯೇ ಇಲ್ಲದ ದಿನದ ಪಂದ್ಯ. ಆಷಾಢದಲ್ಲಿ ನಮ್ಮೂರ ಗಾಳಿಗೆ ಒಣಹಾಕಿದ ಸೀರೆ ಪಕ್ಕದ ಮನೆಯ ತಾರಸಿಗೆ ಹಾರುತ್ತದೆ. ದೀಪಾವಳಿ ಕಳೆದ ಮೇಲೆ ಅನೇಕ ಬೆಳಗುಗಳಲ್ಲಿ ಎಲೆ ಅಲ್ಲಾಡುವುದಿಲ್ಲ. ಅದರ ಮೇಲೆ ಹಲಸೂರು ಕೆರೆಯ ಸುತ್ತ ಮರ, ಎತ್ತರದ ಕಟ್ಟಡ, ನಡುವೆ ದ್ವೀಪಗಳು ಬೇರೆ. ಇದ್ದ ಗಾಳಿಯೂ ಅಲ್ಲಲ್ಲಿ ಒಡೆದು, ಒಂದು ದೋಣಿಗೆ ಸಿಕ್ಕಿದ್ದು ಪಕ್ಕದ ದೋಣಿಗೆ ಸಿಕ್ಕದು.

ಗಾಳಿಯನ್ನು ಅಳೆಯಲು ಬೋಫರ್ಟ್ ಎಂಬ ಬ್ರಿಟಿಷ್ ನೌಕಾಪಡೆಯ ಅಧಿಕಾರಿ 1805ರಲ್ಲಿ ಒಂದು ಶ್ರೇಣಿ ಮಾಡಿದ. ಅದರಲ್ಲಿ ಸೊನ್ನೆ ಎಂದರೆ ಹೊಗೆ ನೆಟ್ಟಗೆ ಮೇಲೇರುವುದು. ಒಂದು ಎಂದರೆ ಹೊಗೆ ಓರೆಯಾಗುವುದು. ಎರಡಕ್ಕೆ ಮುಖಕ್ಕೆ ಗಾಳಿ ಸೋಕಿ ಎಲೆ ಸರಸರ ಎನ್ನುವುದು. ದೇವರ ಮುಂದಿನ ಊದುಬತ್ತಿಯನ್ನು ನೋಡಿಯೇ ನಾವೂ ಇದನ್ನು ಹೇಳಬಹುದು. ಈ ಒಂದು-ಎರಡರ ನಡುವೆ ನಡೆಯುವ ಪಂದ್ಯದಲ್ಲಿ ತೋಳ್ಬಲಕ್ಕೆ ಬೆಲೆಯಿಲ್ಲ. ದೋಣಿಯನ್ನು ಕುಲುಕಿ, ಚುಕ್ಕಾಣಿಯನ್ನು ಹುಟ್ಟಿನಂತೆ ಆಡಿಸಿ ಮುಂದೆ ತಳ್ಳುವಂತಿಲ್ಲ. ತೀರ್ಪುಗಾರರು ಸೀಟಿ ಊದಿ ಹಳದಿ ಬಾವುಟ ತೋರಿಸಿದರೆ, ತಪ್ಪು ಮಾಡಿದವರು ತಮ್ಮ ದೋಣಿಯನ್ನು ಎರಡು ಸುತ್ತು ತಿರುಗಿಸಬೇಕು. ಹಾಗಾದರೆ ಉಳಿದದ್ದೇನು? ಅಲುಗಾಡದೆ ಕೂರುವುದು. ತುಸು ಮುಂದಕ್ಕೆ ಸರಿದು ಕೂತರೆ ದೋಣಿಯ ಹಿಂಭಾಗ ನೀರಿನಿಂದ ಮೇಲೆದ್ದು ಎಳೆತ ತಗ್ಗುತ್ತದೆ. ಗಾಳಿ ಹೋಗುವ ಕಡೆಗೆ ದೋಣಿಯನ್ನು ಸ್ವಲ್ಪ ವಾಲಿಸಿದರೆ ಹಾಯಿ ತನ್ನ ಭಾರದಿಂದಲೇ ಉಬ್ಬಿದ ಆಕಾರಕ್ಕೆ ಬರುತ್ತದೆ. ಹಾಯಿಯ ಹಗ್ಗವನ್ನು ಬಿಗಿಯಾಗಿ ಎಳೆದರೆ ದೋಣಿ ಮುನಿಸಿಕೊಂಡಂತೆ ನಿಂತುಬಿಡುತ್ತದೆ. ಕಣ್ಣು ಮಾತ್ರ ದೂರದ ನೀರಿನ ಮೇಲೆ. ಎಲ್ಲಿ ಸಣ್ಣ ಅಲೆ ಎದ್ದು ನೀರು ಕಪ್ಪಗೆ ಕಾಣುತ್ತದೋ ಅಲ್ಲಿ ಗಾಳಿಯಿದೆ.

ಮಕ್ಕಳ ದೋಣಿಗೆ ಆಪ್ಟಿಮಿಸ್ಟ್ ಎಂದು ಹೆಸರು. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ, ಬಡವರ ಮಕ್ಕಳೂ ಮನೆಯಲ್ಲೇ ಮಾಡಿಕೊಳ್ಳಲಿ ಎಂದು ಪ್ಲೈವುಡ್‌ನಿಂದ ರೂಪಿಸಿದ್ದು. ಉದ್ದ 2.3 ಮೀಟರ್, ತೂಕ 35 ಕಿಲೋ, ನೋಡಲು ಸ್ನಾನದ ತೊಟ್ಟಿ! ಹದಿನೈದು ವಯಸ್ಸಿನವರೆಗಿನ ಮಕ್ಕಳು ಒಬ್ಬೊಬ್ಬರೇ ನಡೆಸುತ್ತಾರೆ. ಗಾಳಿ ಕಡಿಮೆಯಿದ್ದಷ್ಟೂ ಹಗುರವಾದ ಮಗುವಿಗೆ ಅನುಕೂಲ. ದೈಹಿಕ ಶಿಕ್ಷಣದ ಪಿರಿಯಡ್ಡಿನಲ್ಲಿ ಸಾಲಿನ ಕೊನೆಗೆ ನಿಲ್ಲುವ ಪೀಚು ಹುಡುಗಿಯರನ್ನು ಮೂರು ದಶಕ ನೋಡಿದವಳು ನಾನು. ಅಂಥವರೇ ಗೆಲ್ಲಬಲ್ಲ ಆಟವೊಂದು ನಮ್ಮ ಬಡಾವಣೆಯ ಕೆರೆಗಳಲ್ಲೇ ಸಾಧ್ಯವಿತ್ತಲ್ಲ ಎಂದು ಹೊಟ್ಟೆ ಉರಿಯುತ್ತದೆ. ಮೈಸೂರು ರಸ್ತೆಯಲ್ಲಿ ಗಾಳಿ ಆಂಜನೇಯನಿಗೆ ಕೈಮುಗಿದು, ಕೆಂಗೇರಿ ದಾಟಿ ಹೋದರೆ ಕನ್ನಂಬಾಡಿಯ ಹಿನ್ನೀರಿನಲ್ಲಿಯೂ ಹಾಯಿದೋಣಿ ಪಂದ್ಯಗಳುಂಟು, ನಿಜ. ಆದರೆ ಶಾಲೆ ಬಿಟ್ಟ ಮೇಲೆ ಸೈಕಲ್ ತುಳಿದು ಹೋಗುವ ದೂರವೇ ಅದು?

ಸೈನ್ಯದವರು ಇದ್ದುದರಿಂದ ಹಲಸೂರಿನಲ್ಲಿ ಈ ಆಟ ಉಳಿಯಿತು ಎಂಬುದು ನನ್ನ ಅಭಿಪ್ರಾಯ. ಗೇಟಿನ ಆಚೆ ಉಳಿಯಿತು ಎಂಬುದೂ ಅಷ್ಟೇ ಸತ್ಯ. ಆ ನೀರೂ ನಿಶ್ಚಿಂತೆಯಿಂದಿಲ್ಲ. 2016ರ ಮಾರ್ಚ್‌ನಲ್ಲಿ ಅಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇವೆ.

ಒಂದು ಭಾನುವಾರ ಕೆನ್ಸಿಂಗ್‌ಟನ್ ರಸ್ತೆಯ ಬದಿಯಲ್ಲಿ ನಿಂತು ಇಂಥ ಪಂದ್ಯವನ್ನು ನೋಡಿದೆ. ನನಗೆ ಈಜು ಬಾರದು, ಬೇಲಿಯ ಈಚೆಯೇ ಕ್ಷೇಮ. ಕೆಂಪು-ಬಿಳಿ ಪಟ್ಟೆಯ ಬಾವುಟ ಏರಿತ್ತು. ಗಾಳಿ ಬರುವವರೆಗೆ ಕಾಯಿರಿ ಎಂದು ಅರ್ಥ. ಬಹಳ ಹೊತ್ತಿನ ಮೇಲೆ ಅದು ಇಳಿಯಿತು, ದೋಣಿಗಳು ಹೊರಟವು. ದಡದಲ್ಲಿ ವಾಕಿಂಗ್ ಹೋಗುತ್ತಿದ್ದ ಅಜ್ಜನೊಬ್ಬರು ಅವನ್ನು ಸಲೀಸಾಗಿ ಹಿಂದಿಕ್ಕಿದರು. ಎಲ್ಲರಿಗಿಂತ ಹಿಂದಿದ್ದ ಒಂದು ಪುಟ್ಟ ದೋಣಿ ಗುಂಪನ್ನು ಬಿಟ್ಟು ದ್ವೀಪದ ಕಡೆಗೆ ಒಂಟಿಯಾಗಿ ಹೋಯಿತು. ಅಲ್ಲಿ ನೀರು ಕಪ್ಪಗಿತ್ತು. ನೋಡನೋಡುತ್ತಿದ್ದಂತೆ ಅದು ನಾಲ್ಕು ದೋಣಿಗಳನ್ನು ದಾಟಿತು. ಒಳಗಿದ್ದುದು ಹುಡುಗಿಯೋ ಹುಡುಗನೋ ಟೋಪಿಯಿಂದ ತಿಳಿಯಲಿಲ್ಲ. ಅಷ್ಟರಲ್ಲಿ ಗಾಳಿ ಪೂರ್ತಿ ನಿಂತಿತು, ಯಾರೂ ಗುರಿ ಮುಟ್ಟಲಿಲ್ಲ. ಮೋಟಾರು ದೋಣಿಯೊಂದು ಬಂದು, ಅಷ್ಟನ್ನೂ ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿ ದಡಕ್ಕೆ ಎಳೆದುಕೊಂಡು ಹೋಯಿತು.