ಹುಡುಗೂರ ಕೈ, ಹಾಡಿನ ಪೆಟ್ಟಿಗಿ

ನಮ್ಮ ಮಸರಕಲ್ ಕಡೆ ಟೇಪ್‌ರೆಕಾರ್ಡರ್ ಎಲ್ಲಿಡಬೇಕು ಅನ್ನೋದನ್ನ ನಿರ್ಧರಿಸುತ್ತಿದ್ದುದು ಮನೆಯ ಯಜಮಾನ ಅಲ್ಲ, ಮನೆಯ ಸಣ್ಣ ಹುಡುಗನ ಎತ್ತರ. ಅವನು ಬೆಳೆದಂಗೆಲ್ಲ ಟೇಪು ಗೋಡೆಯ ಮಾಡದಿಂದ ಕಪಾಟಿನ ತಲೆಗೆ ಏರುತ್ತಿತ್ತು. 'ಕೈ ಹಚ್ಚಬ್ಯಾಡ' ಅನ್ನುವ ಮಾತು ಟೇಪಿನಷ್ಟೇ ದಿನಾ ಕೇಳಿಸುತ್ತಿತ್ತು. ಈ ಬೈಗುಳಕ್ಕೂ ಒಂದು ಇತಿಹಾಸ ಇದೆ.

ಮೊದಲು ಬಂದದ್ದು ಗ್ರಾಮಫೋನು. ಕರೆಂಟಿಲ್ಲದ ಊರಿಗೂ ಸಲ್ಲುವ ಯಂತ್ರ. ಹಿಡಿಕೆ ತಿರುವಿ ಸ್ಪ್ರಿಂಗ್ ಬಿಗಿ ಮಾಡಿದರೆ ಆಯ್ತು. ತಿರುಗೋ ಹಿಡಿಕೆ ಕಂಡ ಮೇಲೆ ಹುಡುಗೂರು ಸುಮ್ಮನಿರ್ತಾರೇನು? ಮಿತಿ ಮೀರಿ ತಿರುವಿದರೆ ಸ್ಪ್ರಿಂಗ್ ಕಡಿಯುತ್ತಿತ್ತು. ಪ್ಲೇಟು ಮಾಡುತ್ತಿದ್ದುದು ಅರಗಿಗೆ ಕಲ್ಲಿನ ಪುಡಿ ಬೆರೆಸಿ. 1908ರಲ್ಲಿ ಕಲ್ಕತ್ತೆಯಲ್ಲಿ ಕಾರ್ಖಾನೆ ಶುರುವಾದ ಮೇಲೆ ಇಂಥ ಪ್ಲೇಟುಗಳು ನಮ್ಮ ದೇಶದಲ್ಲೇ ತಯಾರಾದವು. ನಿಮಿಷಕ್ಕೆ 78 ಸುತ್ತು, ಒಂದು ಬದಿಗೆ ಸುಮಾರು 3 ನಿಮಿಷದ ಹಾಡು. ಮಲ್ಲಿಕಾರ್ಜುನ ಮನ್ಸೂರರಂಥವರ ದನಿ ಮನೆ ಮನೆಗೆ ಮುಟ್ಟಿದ್ದು ಹೀಗೇ. ಆದರೆ ಕೈ ಜಾರಿದರೆ ಅರಗಿನ ಬಳೆಯ ಗತಿಯೇ ಪ್ಲೇಟಿಗೂ. ಸಾಲದ್ದಕ್ಕೆ ಉಕ್ಕಿನ ಸೂಜಿಗಳು ಬೇರೆ. ಚೊಕ್ಕ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಇರುತ್ತಿದ್ದ ಅವು ಕೂಸಿನ ಬಾಯಿಗೆ ಹೋದರೆ ಏನು ಗತಿ! ಹಂಗಾಗಿ ಆ ಕಾಲದ ಕೀಲಿಯಲ್ಲಿ ಜಿಪುಣತನಕ್ಕಿಂತ ಭಯ ಹೆಚ್ಚಿತ್ತು.

1948ರಲ್ಲಿ ಅಮೆರಿಕದಲ್ಲಿ ಎಲ್‌ಪಿ ಬಂತು. ಅದು ವಿನೈಲ್, ಬಿದ್ದರೆ ಒಡೆಯೋದು ಕಡಿಮೆ, ಗೀರು ಬೀಳೋದು ಬಲು ಸುಲಭ. ಒಂದು ಗೀರು ಬಿದ್ದರೆ ಮುಗೀತು, ಹಾಡು ಅಲ್ಲೇ ನಿಂತು ಅದೇ ಅಕ್ಷರ ಹೇಳ್ತಾ ಕೂಡುತ್ತದೆ. ಮಕ್ಕಳಿಂದ ಕಾಪಾಡೋಣ ಅಂತ ಮಾಳಿಗೆಯ ಕೆಳಗಿನ ಅಟ್ಟಕ್ಕೆ ಒಯ್ದಿಟ್ಟರೆ ನಮ್ಮ ರಾಯಚೂರು ಸೀಮೆಯ ಬಿಸಿಲಿಗೆ ಅದು ಹಪ್ಪಳದಂಗೆ ಸೊಟ್ಟಗಾಗುವ ಅಪಾಯ.

ಆಮೇಲೆ ಬಂತು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ ಇದನ್ನು ಹೊರಗೆ ತಂದದ್ದು 1963ರಲ್ಲಿ. ಒಡೆಯಲ್ಲ, ಗೀರು ಬೀಳಲ್ಲ. ರೀಲು ಎಳೆದು ಹಾಕಿದರೂ ಪೆನ್ಸಿಲ್ ತೂರಿಸಿ ಸುತ್ತಿಬಿಡಬಹುದು. ಆದರೆ ಇದರ ಅಪಾಯವೇ ಬೇರೆ: ಕೆಂಪು ಗುಂಡಿ ಒತ್ತಿದರೆ ಹಳೇ ದನಿ ಅಳಿಸಿ ಹೊಸದು ಕೂಡುತ್ತದೆ. ಇದಕ್ಕೆ ಉಪಾಯವೂ ಅದರಲ್ಲೇ ಇತ್ತು. ಕ್ಯಾಸೆಟ್ಟಿನ ಬೆನ್ನಿಗೆ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲು. ಒಂದೊಂದು ಬದಿಗೆ ಒಂದೊಂದು. ಅದನ್ನು ಮುರಿದರೆ ಆ ಬದಿಗೆ ರೆಕಾರ್ಡ್ ಗುಂಡಿ ಒತ್ತಲಿಕ್ಕೇ ಬರಲ್ಲ. ಅಂಗಡಿಯ ಕ್ಯಾಸೆಟ್ಟುಗಳು ಹಲ್ಲಿಲ್ಲದೇ ಬರುತ್ತಿದ್ದವು. ಖಾಲಿ ಕ್ಯಾಸೆಟ್ಟಿಗೆ ಹಲ್ಲು ಇರುತ್ತಿತ್ತು.

ನಮ್ಮ ತಪ್ಪು ಲೆಕ್ಕ ಇರೋದು ಇಲ್ಲೇ. ರೊಕ್ಕ ಕೊಟ್ಟು ತಂದ ಸಿನಿಮಾ ಹಾಡು, ವಚನದ ಕ್ಯಾಸೆಟ್ಟು ಕೀಲಿಯೊಳಗೆ. ಮನೆಯವರೇ ತುಂಬಿದ್ದು ಹೊರಗೆ! ಮಾನ್ವಿ ಕಡೆಯ ನಮ್ಮ ಬೀಗರ ಮನೆಯಲ್ಲಿ ಮುತ್ಯಾ ಹಾಡಿದ ತತ್ವಪದಗಳನ್ನು ತುಂಬಿಟ್ಟಿದ್ದರು. ಹಲ್ಲು ಯಾರೂ ಮುರಿದಿರಲಿಲ್ಲ. ಮೊಮ್ಮಗ ಒಂದಿನ ಗುಂಡಿ ಒತ್ತಿ ಮಗ್ಗಿ ಹೇಳಿದ. ಈಗ ಹಚ್ಚಿದರೆ ಅರ್ಧ ಪದ, ನಂತರ 'ಎರಡೊಂದ್ಲಿ ಎರಡು', ಅದರ ಹಿಂದೆ ಮುತ್ಯಾನ ನಗು. ನಾನೂ ಕೇಳಿ ನಕ್ಕಿದ್ದೇನೆ. ಆದರೆ ಆ ಪದದ ಉಳಿದರ್ಧ ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಮುತ್ಯಾ ಹೋದ ಮೇಲೆ ಅದೂ ಹೋಯಿತು.

ಮಲ್ಲಿಕಾರ್ಜುನ ಮನ್ಸೂರರ ಪ್ಲೇಟು ನಮ್ಮ ಮನೆಯಲ್ಲಿ ಒಡೆದರೂ ಇನ್ನೊಂದು ಮನೆಯಲ್ಲಿ ಉಳಿದೀತು. ಭಜನಿ, ಮೊಹರಂ ಪದ, ಬೀಸುವ ಪದ ತುಂಬಿದ ಮನೆಯ ಕ್ಯಾಸೆಟ್ಟು ಇರೋದು ಒಂದೇ ಒಂದು. ಬೆಲೆ ಇದ್ದದ್ದಕ್ಕೆ ಕೀಲಿ ಹಾಕಿದೆವು, ಬೆಲೆ ಕಟ್ಟಲಾಗದ್ದನ್ನು ಬಿಟ್ಟೆವು. ಹುಡುಗನ್ನ ಬೈದು ಏನು ಉಪಯೋಗ?

ಇನ್ನೊಂದು ಮಾತು. ಬರೀ ಕೀಲಿ ಹಾಕಿಯೂ ಉಳಿಯಲ್ಲ. ಕೈ ಹಚ್ಚದೇ ಬೆಳೆದ ಹುಡುಗನಿಗೆ ಆ ಪೆಟ್ಟಿಗಿ ನಾಳೆ ಗುಜರಿ ಸಾಮಾನು. ನಿಮ್ಮ ಟ್ರಂಕಿನಲ್ಲಿ ಇಂಥ ಕ್ಯಾಸೆಟ್ಟಿದ್ದರೆ ಇವತ್ತೇ ಹಲ್ಲು ಮುರೀರಿ, ಮೊಬೈಲಿಗೋ ಕಂಪ್ಯೂಟರಿಗೋ ಒಂದು ಪ್ರತಿ ಇಳಿಸಿರಿ. ಇಳಿಸುವಾಗ ಮಗ್ಗಲಿಗೆ ಮನೆಯ ಹುಡುಗನ್ನ ಕೂಡಿಸಿಕೊಳ್ಳಿರಿ. ಹಾಡುವವರು ಯಾರು ಅಂತ ಅವನೇ ಕೇಳುತ್ತಾನೆ. ಆಗ ಹೆಸರು ಹೇಳಿ ಬರೆಸಿರಿ.